ಕನ್ನಡಿ ಓಡಿದರೆ ಬೆಳಕಿಗೇನಾಗುತ್ತೆ?

ಹೋದ ಸಲ ಊರಿಗೆ ಹೋದಾಗ ಅಣ್ಣನ ಮಗನಿಗೆ ಒಂದು ತಪ್ಪು ಉತ್ತರ ಕೊಟ್ಟು ಬಂದೆ. ಈ ಬರಹ ಆ ತಪ್ಪಿನ ತಿದ್ದುಪಡಿ.

ನಮ್ಮೂರು ಹಿರೇವಡ್ಡಟ್ಟಿ. ಗದಗ ಜಿಲ್ಲೆ, ಮುಂಡರಗಿ ತಾಲೂಕು. ಸಂಜೆ ಮಾಳಿಗೆ ಹತ್ತಿ ನಿಂತರೆ ದೂರದಲ್ಲಿ ಕಪ್ಪತಗುಡ್ಡದ ಸಾಲು, ಅದರ ಮೇಲೆ ಊರವರು ‘ಫ್ಯಾನು’ ಅಂತ ಕರೆಯೋ ಗಾಳಿಯಂತ್ರಗಳು. ಹುಡುಗನ ಕೈಯಲ್ಲಿ ಒಡೆದ ಕನ್ನಡಿಯ ಒಂದು ಚೂರು ಇತ್ತು. ಇಳಿಬಿಸಿಲನ್ನ ಅದರಲ್ಲಿ ಹಿಡಿದು ಎದುರುಮನೆ ಗೋಡೆ ಮೇಲೆ ಬಿಡ್ತಿದ್ದ. ಆಮೇಲೆ ಅವರ ಎಮ್ಮೆ ಮೇಲೆ ಬಿಟ್ಟ. ಎಮ್ಮೆ ತಲೆ ಕೊಡವಿತು. ವೈನಿ ಕೆಳಗಿನಿಂದ ಬೈದರು. ಸುಮ್ಮನಾದವನು ಕನ್ನಡಿ ಹಿಡಿದುಕೊಂಡೇ ಮಾಳಿಗೆಯ ಈ ತುದಿಯಿಂದ ಆ ತುದಿಗೆ ಓಡೋಕೆ ಶುರು ಮಾಡಿದ. ನಾಲ್ಕು ಸುತ್ತು ಓಡಿ ಏದುಸಿರು ಬಿಡುತ್ತಾ ಬಂದು ಕೇಳಿದ:

“ಕಾಕಾ, ಕನ್ನಡಿ ಹಿಡಕೊಂಡು ಮುಂದಕ ಓಡಿದ್ರ ಬೆಳಕೂ ಜೋರ ಹೋಗತೈತೇನು?”

“ಇಲ್ಲಪಾ. ಬೆಳಕಿನ ಸ್ಪೀಡು ಬದಲಾಗಂಗಿಲ್ಲ. ಏನೂ ಆಗಂಗಿಲ್ಲ.”

“ಮತ್ತ ಬ್ಯಾಟ್ ಬೀಸಿದ್ರ ಬಾಲ್ ಜೋರ ಹೋಗತೈತಲ್ಲ?”

“ಅದು ಬಾಲ್. ಇದು ಬೆಳಕು.”

ಅವನಿಗೆ ಸಮಾಧಾನ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬರೋ ರಾತ್ರಿ ಬಸ್ಸಲ್ಲಿ ನನಗೂ ಆಗಲಿಲ್ಲ. ‘ಸ್ಪೀಡು ಬದಲಾಗಂಗಿಲ್ಲ’ ಅನ್ನೋವರೆಗೆ ನಾನು ಸರಿ ಇದ್ದೆ. ‘ಏನೂ ಆಗಂಗಿಲ್ಲ’ ಅಂದಿದ್ದು ತಪ್ಪು. ಆ ಪ್ರಶ್ನೆಯನ್ನ ದೊಡ್ಡ ದೊಡ್ಡವರು ಗಂಭೀರವಾಗಿ ಕೇಳಿಕೊಂಡಿದ್ದರು, ಅದಕ್ಕಾಗಿ ಯಂತ್ರ ಕಟ್ಟಿ ಪ್ರಯೋಗ ಮಾಡಿದ್ದರು. ಅದರ ಒಂದು ಒಳ್ಳೆ ಅಧ್ಯಾಯ ನಾವು ದಿನಾ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಳ್ಳೋ ಸಿ.ವಿ. ರಾಮನ್ ರಸ್ತೆಯ ಪಕ್ಕದಲ್ಲೇ ನಡೆದಿದೆ.

ಕಥೆಯನ್ನ 1887ರಿಂದ ಶುರು ಮಾಡೋಣ. ಅಮೆರಿಕದ ಕ್ಲೀವ್‌ಲ್ಯಾಂಡ್. ಆಲ್ಬರ್ಟ್ ಮೈಕಲ್ಸನ್ ಮತ್ತು ಎಡ್ವರ್ಡ್ ಮಾರ್ಲಿ ಒಂದು ದೊಡ್ಡ ಕಲ್ಲಿನ ಚಪ್ಪಡಿಯನ್ನ ಪಾದರಸದ ಮೇಲೆ ತೇಲಿಬಿಟ್ಟು, ಅದರ ಮೇಲೆ ಕನ್ನಡಿಗಳನ್ನ ಜೋಡಿಸಿದ್ದರು. ಒಂದೇ ಬೆಳಕನ್ನ ಎರಡಾಗಿ ಸೀಳಿ, ಒಂದಕ್ಕೊಂದು ಅಡ್ಡಲಾದ ಎರಡು ದಾರಿಯಲ್ಲಿ ಓಡಿಸಿ, ವಾಪಸ್ ಬಂದಾಗ ಯಾರು ಮೊದಲು ಅಂತ ನೋಡೋ ಏರ್ಪಾಡು. ಆಗಿನ ನಂಬಿಕೆ ಪ್ರಕಾರ ಬೆಳಕು ಅನ್ನೋದು ‘ಈಥರ್’ ಅನ್ನೋ ಕಾಣದ ಮಾಧ್ಯಮದಲ್ಲಿ ಏಳೋ ಅಲೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಆ ಈಥರನ್ನ ಸೀಳಿಕೊಂಡು ಹೋಗ್ತಿದೆ. ಹಾಗಾದರೆ ಎರಡು ದಾರಿಗಳ ಸಮಯದಲ್ಲಿ ಸಣ್ಣ ವ್ಯತ್ಯಾಸ ಬರಲೇಬೇಕಿತ್ತು. ಬರಲಿಲ್ಲ.

ಇದು ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿರೋ ಕಥೆ. ಪಠ್ಯಪುಸ್ತಕ ಹೇಳದ ಒಂದು ವಿಷಯ ಇದೆ. ಈ ಪ್ರಯೋಗದಲ್ಲಿ ಬೆಳಕಿನಷ್ಟೇ ಕನ್ನಡಿಯೂ ಅನುಮಾನದ ಕಟಕಟೆಯಲ್ಲಿ ನಿಂತಿತ್ತು.

ಯಾಕೆ ಅಂದರೆ, ಈಥರ್ ದೃಷ್ಟಿಯಿಂದ ನೋಡಿದರೆ ಆ ಚಪ್ಪಡಿ ಮೇಲಿನ ಎಲ್ಲಾ ಕನ್ನಡಿಗಳೂ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡ್ತಿದ್ದವು. ಓಡೋ ಕನ್ನಡಿ ಶಾಲೆಯಲ್ಲಿ ಕಲಿತ ನಿಯಮ ಪಾಲಿಸುತ್ತಾ? ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಅಂತ ಏಳನೇ ಕ್ಲಾಸಲ್ಲಿ ಚಿತ್ರ ಬರೆದು ತೋರಿಸಿದ್ವಲ್ಲ, ಅದು ನಿಂತ ಕನ್ನಡಿಯ ನಿಯಮ. ಬೆಳಕಿನ ಅಲೆಯ ಒಂದು ತುದಿ ಕನ್ನಡಿ ಮುಟ್ಟಿ, ಇನ್ನೊಂದು ತುದಿ ಮುಟ್ಟೋದರೊಳಗೆ ಕನ್ನಡಿಯೇ ಸ್ವಲ್ಪ ಜರುಗಿಬಿಟ್ಟಿದ್ದರೆ? ಕೋನ ಬದಲಾಗುತ್ತೆ. ಮೈಕಲ್ಸನ್ 1881ರಲ್ಲಿ ಬರ್ಲಿನ್ನಲ್ಲಿದ್ದಾಗ ಇದೇ ಪ್ರಯೋಗದ ಮೊದಲ ರೂಪವನ್ನ ಮಾಡಿದ್ದ. ಆಗ ಅಡ್ಡದಾರಿಯ ಬೆಳಕು ಓರೆಯಾಗಿ ಹೋಗಬೇಕು ಅನ್ನೋದನ್ನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಫ್ರಾನ್ಸಿನ ಆಲ್‌ಫ್ರೆಡ್ ಪೊಟಿಯೆ ಆ ತಪ್ಪನ್ನ ತೋರಿಸಿಕೊಟ್ಟ. 1887ರ ಲೆಕ್ಕದಲ್ಲಿ ಅದನ್ನ ತಿದ್ದಿದರು. ಆದರೂ ಗೊಣಗಾಟ ನಿಲ್ಲಲಿಲ್ಲ. 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಹಿಕ್ಸ್, ಓಡುವ ಕನ್ನಡಿಯ ಪ್ರತಿಫಲನವನ್ನ ಸರಿಯಾಗಿ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಇಡೀ ಪ್ರಯೋಗದ ಲೆಕ್ಕವನ್ನೇ ಮತ್ತೆ ಮಾಡಿಸೋಕೆ ಹೊರಟ. ಒಂದು ಕಡೆ ಈಥರ್ ಇದೆಯಾ ಇಲ್ಲವಾ ಅನ್ನೋ ಶತಮಾನದ ಪ್ರಶ್ನೆ. ಇನ್ನೊಂದು ಕಡೆ ಅದಕ್ಕೆ ಸಾಕ್ಷಿ ಹೇಳಬೇಕಾದ ಕನ್ನಡಿಯನ್ನೇ ನಂಬೋದು ಹೇಗೆ ಅನ್ನೋ ತಕರಾರು.

ಈ ತಕರಾರನ್ನ ಒಂದೇ ಏಟಿಗೆ ಬಗೆಹರಿಸಿದ್ದು ಬರ್ನ್ ನಗರದ ಪೇಟೆಂಟ್ ಆಫೀಸಿನ 26 ವರ್ಷದ ನೌಕರ. 1905ರಲ್ಲಿ ಐನ್‌ಸ್ಟೈನ್ ಬರೆದ ವಿಶೇಷ ಸಾಪೇಕ್ಷತೆಯ ಲೇಖನದ ಎಂಟನೇ ಭಾಗದ ವಿಷಯವೇ ಓಡುವ ಕನ್ನಡಿ. ಅವನ ಉಪಾಯ ಕೇಳಿದರೆ ‘ಇಷ್ಟೇನಾ’ ಅನಿಸುತ್ತೆ. ಓಡೋ ಕನ್ನಡಿಯ ಲೆಕ್ಕ ಕಷ್ಟ ಅನಿಸಿದರೆ ಹೋಗಿ ಕನ್ನಡಿ ಮೇಲೆ ಕೂತುಕೋ. ಅಲ್ಲಿಂದ ನೋಡಿದರೆ ಕನ್ನಡಿ ನಿಂತೇ ಇದೆ. ನಿಂತ ಕನ್ನಡಿಯ ನಿಯಮ ಎಲ್ಲರಿಗೂ ಗೊತ್ತು: ಕೋನ ಸಮ, ಬಣ್ಣ ಅದೇ. ಪ್ರತಿಫಲನ ಮುಗಿದ ಮೇಲೆ ಇಳಿದು ನೆಲಕ್ಕೆ ವಾಪಸ್ ಬಾ. ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ, ಅಳತೆಗಳನ್ನ ಒಬ್ಬರ ಕಣ್ಣಿಂದ ಇನ್ನೊಬ್ಬರ ಕಣ್ಣಿಗೆ ಬದಲಾಯಿಸಿಕೋ. ಮುಗೀತು.

ಹೀಗೆ ಹತ್ತಿ ಇಳಿದಾಗ ಸಿಗೋದು ಏನು?

ಮೊದಲನೆಯದು ವೇಗ. ಅದು ಎಳ್ಳಷ್ಟೂ ಬದಲಾಗಲ್ಲ. ಕನ್ನಡಿ ಎಷ್ಟೇ ಜೋರಾಗಿ ಎದುರು ಬರಲಿ, ತಿರುಗಿ ಹೋಗೋ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರೇ.

ಎರಡನೆಯದು ಬಣ್ಣ. ಇದು ಬದಲಾಗುತ್ತೆ, ಅದೂ ಎರಡು ಸಲ. ಕನ್ನಡಿ ಬೆಳಕಿಗೆ ಎದುರಾಗಿ ಓಡ್ತಿದ್ದರೆ ಬೆಳಕಿನ ಅಲೆಗಳು ಅದಕ್ಕೆ ಪದೇ ಪದೇ, ಬೇಗ ಬೇಗ ಬಡಿಯುತ್ತವೆ. ಅದು ಒಂದು ಏರಿಕೆ. ಬಡಿದ ಅಲೆಗಳನ್ನ ಕನ್ನಡಿ ತಿರುಗಿ ಕಳಿಸುವಾಗಲೂ ಮುಂದಕ್ಕೆ ಜರುಗುತ್ತಲೇ ಇರೋದರಿಂದ ಪ್ರತಿ ಅಲೆಯನ್ನೂ ಹಿಂದಿನದಕ್ಕಿಂತ ಸ್ವಲ್ಪ ಹತ್ತಿರದಿಂದ ಬಿಡುತ್ತೆ. ಅದು ಇನ್ನೊಂದು ಏರಿಕೆ. ಎದುರು ಬರೋ ಆಂಬುಲೆನ್ಸಿನ ಸೈರನ್ ಕೀರಲಾಗೋದು ಒಂದೇ ಏರಿಕೆಯಿಂದ. ಕನ್ನಡಿಗೆ ಡಬಲ್. ಕನ್ನಡಿ ಬೆಳಕಿನ ಅರ್ಧದಷ್ಟು ವೇಗದಲ್ಲಿ ನೇರ ಎದುರು ಬಂದರೆ ಬೆಳಕಿನ ಕಂಪನಾಂಕ ಸರಿಯಾಗಿ ಮೂರು ಪಟ್ಟಾಗುತ್ತೆ. ಕೆಂಪು ಬೆಳಕು ಬಿಟ್ಟರೆ ಕಣ್ಣಿಗೆ ಕಾಣದ ಅತಿನೇರಳೆಯಾಗಿ ವಾಪಸ್ ಬರುತ್ತೆ. ಕನ್ನಡಿ ದೂರ ಓಡ್ತಿದ್ದರೆ ಇದೆಲ್ಲಾ ಉಲ್ಟಾ.

ಮೂರನೆಯದು ಕೋನ. ಅರ್ಧ ಬೆಳಕಿನ ವೇಗದಲ್ಲಿ ಎದುರು ಬರೋ ಕನ್ನಡಿಗೆ 45 ಡಿಗ್ರಿಯಲ್ಲಿ ಬೆಳಕು ಬಡಿದರೆ ವಾಪಸ್ ಹೋಗೋದು 45ರಲ್ಲಲ್ಲ, ಸುಮಾರು 16 ಡಿಗ್ರಿಯಲ್ಲಿ. ಕನ್ನಡಿ ಬೆಳಕನ್ನ ತಾನು ಹೋಗೋ ದಿಕ್ಕಿಗೇ ಎಳೆದುಕೊಂಡ ಹಾಗೆ. ಆದರೆ ಕನ್ನಡಿ ಎದುರು ಬರದೆ ಅಥವಾ ಹಿಂದೆ ಸರಿಯದೆ, ತನ್ನ ಮೈಯ ನೇರಕ್ಕೇ ಪಕ್ಕಕ್ಕೆ ಜಾರಿಕೊಂಡು ಹೋದರೆ ಕೋನವೂ ಬದಲಾಗಲ್ಲ, ಬಣ್ಣವೂ ಬದಲಾಗಲ್ಲ. ನಿಮ್ಮ ಪಕ್ಕದಲ್ಲಿ ಹಾದುಹೋಗೋ ಬಸ್ಸಿನ ಕಿಟಕಿ ಗಾಜು ಈ ಜಾತಿಯದು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಬಣ್ಣದ ಲೆಕ್ಕ, ಕೋನದ ಲೆಕ್ಕ ಎರಡೂ ಹಳೇ ಈಥರ್ ಸಿದ್ಧಾಂತದಲ್ಲೂ ಬರುತ್ತವೆ, ನೋಡೋನು ಈಥರಲ್ಲಿ ನಿಂತಿದ್ದರೆ. ಐನ್‌ಸ್ಟೈನ್ ತೋರಿಸಿದ್ದು ಅದಕ್ಕಿಂತ ದೊಡ್ಡ ಮಾತು: ನೋಡೋನು ಎಲ್ಲೇ ನಿಂತಿರಲಿ, ಯಾವ ವೇಗದಲ್ಲೇ ಹೋಗ್ತಿರಲಿ, ಇದೇ ಸೂತ್ರ. ಕನ್ನಡಿಗೂ ನಿನಗೂ ನಡುವಿನ ವೇಗ ಎಷ್ಟು ಅನ್ನೋದೊಂದೇ ಲೆಕ್ಕಕ್ಕೆ ಬರೋದು. ಮೈಕಲ್ಸನ್ನನ ಚಪ್ಪಡಿ ಮೇಲೆ ಕೂತು ನೋಡಿದರೆ ಅಲ್ಲಿನ ಕನ್ನಡಿಗಳೆಲ್ಲಾ ನಿಂತಿವೆ. ಆದ್ದರಿಂದ ಏಳನೇ ಕ್ಲಾಸಿನ ನಿಯಮ ಸಾಕು. ಹಿಕ್ಸ್ ಎತ್ತಿದ ತಕರಾರಿಗೆ ಅಲ್ಲಿ ಜಾಗವೇ ಇಲ್ಲ.

ಅದೇ ಎಂಟನೇ ಭಾಗದಲ್ಲಿ ಐನ್‌ಸ್ಟೈನ್ ಇನ್ನೊಂದು ವಿಷಯ ಗಮನಿಸಿದ. ನೋಡೋನ ವೇಗ ಬದಲಾದಾಗ ಬೆಳಕಿನ ಕಂಪನಾಂಕ ಯಾವ ಪ್ರಮಾಣದಲ್ಲಿ ಬದಲಾಗುತ್ತೋ, ಅದರ ಶಕ್ತಿಯೂ ಅದೇ ಪ್ರಮಾಣದಲ್ಲಿ ಬದಲಾಗುತ್ತೆ. ಅದೇ ವರ್ಷದ ಮಾರ್ಚಿನಲ್ಲಿ ಬೆಳಕಿನ ಶಕ್ತಿ ಕಣ ಕಣವಾಗಿ ಇರುತ್ತೆ, ಒಂದೊಂದು ಕಣದ ಶಕ್ತಿ ಕಂಪನಾಂಕಕ್ಕೆ ತಕ್ಕಂತೆ ಇರುತ್ತೆ ಅಂತ ಬರೆದಿದ್ದವನೂ ಅವನೇ. ಎರಡೂ ಲೇಖನ ಒಂದನ್ನೊಂದು ಒಪ್ಪುತ್ತವೆ. ಬ್ಯಾಟಿನಿಂದ ಚೆಂಡಿಗೆ ಸಿಗೋದು ವೇಗ. ಕನ್ನಡಿಯಿಂದ ಬೆಳಕಿಗೆ ಸಿಗೋದು ಬಣ್ಣ. ಎರಡು ಕಡೆಯೂ ಶಕ್ತಿ ಹೋಗಿದೆ, ಜಮಾ ಆದ ಖಾತೆ ಮಾತ್ರ ಬೇರೆ.

ಆ ಶಕ್ತಿ ಎಲ್ಲಿಂದ ಬಂತು? ಕನ್ನಡಿ ಹಿಡಿದು ಓಡೋನ ತೋಳಿನಿಂದ. ಬೆಳಕು ಕನ್ನಡಿಯನ್ನ ಹಿಂದಕ್ಕೆ ತಳ್ಳುತ್ತೆ. 1900ರ ಆಸುಪಾಸಿನಲ್ಲಿ ರಷ್ಯಾದ ಲೆಬೆಡೆವ್, ಅಮೆರಿಕದ ನಿಕಲ್ಸ್ ಮತ್ತು ಹಲ್ ಈ ಒತ್ತಡವನ್ನ ಅಳೆದೇ ತೋರಿಸಿದ್ದರು. ಅಂಗೈ ಅಗಲದ ಕನ್ನಡಿ ಮೇಲೆ ಬಿಸಿಲು ಹಾಕೋ ಭಾರ ಒಂದು ಸಾಸಿವೆ ಕಾಳಿನ ತೂಕದ ನೂರನೇ ಒಂದು ಪಾಲೂ ಇಲ್ಲ. ಆದರೂ ಅದರ ವಿರುದ್ಧ ಕನ್ನಡಿಯನ್ನ ಮುಂದಕ್ಕೆ ತಳ್ಳೋನು ಕೆಲಸ ಮಾಡಿದ ಹಾಗೆಯೇ. ಆ ಕೆಲಸವೇ ಬೆಳಕಿಗೆ ಬಣ್ಣವಾಗಿ ಸೇರುತ್ತೆ.

ಸಿದ್ಧಾಂತ ಸರಿ. ಆದರೆ ‘ಬಾಲ್ ಜೋರ ಹೋಗತೈತಲ್ಲ’ ಅಂದ ನಮ್ಮ ಹುಡುಗನ ಪಾರ್ಟಿಯೂ ಆಗ ಇತ್ತು. ಬೆಳಕು ಚೆಂಡಿನ ಹಾಗೆ, ಅದನ್ನ ಬಿಟ್ಟ ವಸ್ತುವಿನ ವೇಗ ಅದಕ್ಕೆ ಸೇರುತ್ತೆ ಅಂತ ವಾದಿಸೋರಿದ್ದರು. ಸ್ವಿಟ್ಜರ್ಲೆಂಡಿನ ವಾಲ್ಟರ್ ರಿಟ್ಸ್ ಅವರಲ್ಲಿ ಪ್ರಮುಖ. ಹಾಗಾಗಿ 1913ರಲ್ಲಿ ಮೈಕಲ್ಸನ್ ಮತ್ತೆ ಕನ್ನಡಿ ಹಿಡಿದ, ಈ ಸಲ ತಿರುಗೋ ಕನ್ನಡಿ. ಬೆಳಕನ್ನ ಎರಡು ಭಾಗ ಮಾಡಿ, ಒಂದನ್ನ ಎದುರು ಬರೋ ಕನ್ನಡಿಯಿಂದ, ಇನ್ನೊಂದನ್ನ ದೂರ ಸರಿಯೋ ಕನ್ನಡಿಯಿಂದ ಪುಟಿಸಿ ಎರಡನ್ನೂ ಕೂಡಿಸಿ ನೋಡಿದ. ಚೆಂಡಿನ ನಿಯಮ ಸರಿಯಿದ್ದರೆ ಒಂದು ಮುಂದೆ, ಒಂದು ಹಿಂದೆ ಬರಬೇಕಿತ್ತು. ಕನ್ನಡಿಯ ಓಟ ಬೆಳಕಿನ ವೇಗಕ್ಕೆ ಏನನ್ನೂ ಸೇರಿಸಲ್ಲ ಅಂತ ಗೊತ್ತಾಯಿತು. 1918ರಲ್ಲಿ ಇಟಲಿಯ ಕ್ವಿರೀನೊ ಮಯೊರಾನಾ ತಿರುಗೋ ಚಕ್ರದ ಅಂಚಿಗೆ ಕನ್ನಡಿಗಳನ್ನ ಕೂರಿಸಿ ಬೇರೆ ರೀತಿಯಲ್ಲಿ ಅದನ್ನೇ ಪರೀಕ್ಷಿಸಿದ. ಉತ್ತರ ಅದೇ ಬಂತು. ಮಾಳಿಗೆ ಮೇಲೆ ಕನ್ನಡಿ ಹಿಡಿದು ಓಡಿದ ಹುಡುಗ ಇವರ ಸಾಲಿನಲ್ಲೇ ನಿಲ್ಲೋನು.

ಈಗ ಬೆಂಗಳೂರಿಗೆ ಬರೋಣ.

ಸದಾಶಿವನಗರದಿಂದ ಯಶವಂತಪುರದ ಕಡೆಗೆ ಹೋಗುವಾಗ ಸಿಗೋ ಐಐಎಸ್‌ಸಿಯನ್ನ ಹಳೇ ಬೆಂಗಳೂರಿನವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. 1933ರಲ್ಲಿ ಸಿ.ವಿ. ರಾಮನ್ ಕಲ್ಕತ್ತೆಯಿಂದ ಇಲ್ಲಿಗೆ ನಿರ್ದೇಶಕರಾಗಿ ಬಂದರು. ಮುಂದಿನ ವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿ ಅದರ ಪತ್ರಿಕೆ ಶುರು ಮಾಡಿದರು. ಅವರ ಜೊತೆಗೆ ಎನ್.ಎಸ್. ನಾಗೇಂದ್ರನಾಥ್ ಅನ್ನೋ ತರುಣ ಗಣಿತಜ್ಞರಿದ್ದರು. ಇಬ್ಬರೂ ಹಿಡಿದ ಸಮಸ್ಯೆ ಇದು. 1932ರಲ್ಲಿ ಅಮೆರಿಕದಲ್ಲಿ ಡೆಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಒಂದು ವಿಚಿತ್ರ ನೋಡಿದ್ದರು. ಗಾಜಿನ ತೊಟ್ಟಿಯಲ್ಲಿ ದ್ರವ ತುಂಬಿ, ಅದರಲ್ಲಿ ಕಿವಿಗೆ ಕೇಳದಷ್ಟು ಕೀರಲಾದ ಶಬ್ದ ಹರಿಸಿ, ಅಡ್ಡಲಾಗಿ ಬೆಳಕು ಬಿಟ್ಟರೆ ಆಚೆ ಪರದೆ ಮೇಲೆ ಒಂದು ಚುಕ್ಕಿಯ ಬದಲು ಎರಡೂ ಪಕ್ಕಕ್ಕೆ ಸಾಲು ಸಾಲು ಚುಕ್ಕಿ ಬೀಳುತ್ತಿದ್ದವು. ಯಾಕೆ ಅಷ್ಟೊಂದು ಚುಕ್ಕಿ, ಯಾವುದು ಎಷ್ಟು ಪ್ರಕಾಶ ಅನ್ನೋದಕ್ಕೆ ತೃಪ್ತಿಕರ ವಿವರಣೆ ಇರಲಿಲ್ಲ. ರಾಮನ್ ಮತ್ತು ನಾಥ್ 1935-36ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಕಂತುಗಳಲ್ಲಿ ಅದನ್ನ ಬಿಡಿಸಿಟ್ಟರು. ಇವತ್ತಿಗೂ ಜಗತ್ತು ಅದನ್ನ ರಾಮನ್-ನಾಥ್ ಸಿದ್ಧಾಂತ ಅಂತಲೇ ಕರೆಯುತ್ತೆ.

ನನಗೆ ಬೇಕಾದ್ದು ಮೂರನೇ ಕಂತು. ಅದರ ವಿಷಯ ಡಾಪ್ಲರ್ ಪರಿಣಾಮ.

ಶಬ್ದ ಅಂದರೆ ದ್ರವದಲ್ಲಿ ಒತ್ತಾದ ಪದರ, ಸಡಿಲಾದ ಪದರ, ಮತ್ತೆ ಒತ್ತಾದ ಪದರ, ಹೀಗೆ ಸಾಲಾಗಿ ಓಡೋ ಪದರಗಳು. ಒಂದೊಂದು ಒತ್ತಾದ ಪದರವೂ ಬೆಳಕಿಗೆ ತೀರಾ ಮಸುಕಾದ ಒಂದು ಕನ್ನಡಿ ಅಂದುಕೊಳ್ಳಿ. ರಾಮನ್ ಮತ್ತು ನಾಥ್ ಲೆಕ್ಕ ಮಾಡಿದ್ದು ಇದನ್ನ ಬೆಳಕಿನ ಅಲೆಗೆ ಸುಕ್ಕು ಹಾಕೋ ತೆಳು ಹಾಳೆ ಅಂತ ಭಾವಿಸಿ. ಆದರೆ ಬಣ್ಣದ ಬದಲಾವಣೆಯ ಉತ್ತರ ಎರಡು ಚಿತ್ರದಲ್ಲೂ ಒಂದೇ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಅಂದರೆ ಆ ತೊಟ್ಟಿಯೊಳಗೆ ಸಾವಿರಾರು ಕನ್ನಡಿಗಳು ಸಾಲಾಗಿ ಆ ವೇಗದಲ್ಲಿ ಓಡ್ತಿವೆ. ಓಡೋ ಕನ್ನಡಿಗೆ ಬಡಿದ ಬೆಳಕಿನ ಬಣ್ಣ ಬದಲಾಗಲೇಬೇಕು. ಎಷ್ಟು?

ಉತ್ತರ ಇಷ್ಟು ಚೊಕ್ಕವಾಗಿ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಓಡೋ ಕನ್ನಡಿಯ ಸೂತ್ರಕ್ಕೆ ಪದರಗಳ ವೇಗ, ಅವುಗಳ ನಡುವಿನ ದೂರ, ಬೆಳಕು ಬಡಿಯೋ ಕೋನ ಎಲ್ಲವನ್ನೂ ಹಾಕಿದರೆ ಎಲ್ಲಾ ಹೊಡೆದುಹೋಗಿ ಕೊನೆಗೆ ಉಳಿಯೋದು ಒಂದೇ: ಬೆಳಕಿನ ಕಂಪನಾಂಕ ಸರಿಯಾಗಿ ಶಬ್ದದ ಕಂಪನಾಂಕದಷ್ಟೇ ಬದಲಾಗುತ್ತೆ. ಶಬ್ದ ಸೆಕೆಂಡಿಗೆ 1 ಕೋಟಿ ಸಲ ಕಂಪಿಸ್ತಿದ್ದರೆ, ಒಂದು ಪಕ್ಕದ ಮೊದಲ ಚುಕ್ಕಿಯ ಬೆಳಕಿಗೆ 1 ಕೋಟಿ ಕಂಪನ ಜಾಸ್ತಿ, ಇನ್ನೊಂದು ಪಕ್ಕದ ಮೊದಲ ಚುಕ್ಕಿಗೆ 1 ಕೋಟಿ ಕಮ್ಮಿ. ಎರಡನೇ ಚುಕ್ಕಿಗೆ 2 ಕೋಟಿ, ಮೂರನೆಯದಕ್ಕೆ 3 ಕೋಟಿ. ಶಬ್ದ ಹೋಗೋ ಕಡೆಗೆ ಬಾಗಿದ ಬೆಳಕಿಗೆ ಲಾಭ, ಹಿಂದಕ್ಕೆ ಬಾಗಿದ್ದಕ್ಕೆ ನಷ್ಟ. ಹಳ್ಳಿ ಅಂಗಡಿಯ ಉದ್ದರಿ ಪುಸ್ತಕದಷ್ಟು ಸರಳ.

ಇದನ್ನ ನಮ್ಮ ಹುಡುಗನ ಓಟದ ಪಕ್ಕ ಇಟ್ಟು ನೋಡಿದೆ. ಹಸಿರು ಬೆಳಕು ಸೆಕೆಂಡಿಗೆ ಸುಮಾರು ಐದೂವರೆ ಕೋಟಿ ಕೋಟಿ ಸಲ ಕಂಪಿಸುತ್ತೆ. ಹುಡುಗ ಸೆಕೆಂಡಿಗೆ 5 ಮೀಟರ್ ಓಡಿದ ಅಂತಿಟ್ಟುಕೊಳ್ಳಿ. ಬೆಳಕು ನೇರವಾಗಿ ಬಡಿದಿದ್ದರೆ ಬದಲಾವಣೆ ಸುಮಾರು 1.8 ಕೋಟಿ ಕಂಪನ! ತೊಟ್ಟಿಯ ಶಬ್ದ ಅವನಿಗಿಂತ 300 ಪಟ್ಟು ಜೋರು ಓಡಿಯೂ ಕೊಡೋದು 1 ಕೋಟಿ, ಯಾಕೆಂದರೆ ಅಲ್ಲಿ ಬೆಳಕು ಕನ್ನಡಿಯನ್ನ ಎದುರಿಂದ ಬಡಿಯಲ್ಲ, ಮೈ ಸವರಿಕೊಂಡು ಹೋಗುತ್ತೆ. ಒಟ್ಟಿನಲ್ಲಿ ಮಾಳಿಗೆ ಮೇಲೆ ‘ಏನೂ ಆಗಂಗಿಲ್ಲ’ ಅಂದೆನಲ್ಲ, ಅಲ್ಲಿ ಆಗಿದ್ದು ಕೋಟಿಗಟ್ಟಲೆ. ನಮ್ಮ ಕಣ್ಣಿಗೆ ಅದನ್ನ ಹಿಡಿಯೋ ಯೋಗ್ಯತೆ ಇಲ್ಲ ಅಷ್ಟೇ.

ಇದಕ್ಕಿಂತ ಸೊಗಸಾದ ಕನ್ನಡಿ ಇನ್ನೊಂದಿದೆ. ತೊಟ್ಟಿಗೆ ಹೊರಗಿನಿಂದ ಶಬ್ದ ಹರಿಸೋದೇ ಬೇಡ. ಯಾವ ದ್ರವವೂ ಒಳಗೆ ಸುಮ್ಮನಿರಲ್ಲ. ಅದರ ಬಿಸಿ ಅನ್ನೋದೇ ಎಲ್ಲಾ ದಿಕ್ಕಿಗೂ ಓಡಾಡೋ ಅತಿ ಸೂಕ್ಷ್ಮ ಶಬ್ದದ ಅಲೆಗಳು. ಹಾಗಾದರೆ ಒಂದು ಲೋಟ ನೀರು ಅಂದರೆ ಎಲ್ಲಾ ಕಡೆಗೂ ಓಡ್ತಿರೋ ಕನ್ನಡಿಗಳ ಸಂತೆ. ಅದರಿಂದ ಚದುರಿದ ಬೆಳಕಿನಲ್ಲಿ ಮೂಲ ಬಣ್ಣದ ಎರಡೂ ಪಕ್ಕಕ್ಕೆ ಒಂದೊಂದು ಗೆರೆ ಇರಬೇಕು. ಒಂದು ಹತ್ತಿರ ಬರೋ ಕನ್ನಡಿಯದು, ಇನ್ನೊಂದು ದೂರ ಹೋಗೋ ಕನ್ನಡಿಯದು. 1922ರಲ್ಲಿ ಫ್ರಾನ್ಸಿನ ಲಿಯೋ ಬ್ರಿಲ್ವಾ ಇದನ್ನ ಲೆಕ್ಕದಲ್ಲಿ ಹೇಳಿದ್ದ. ರಷ್ಯಾದ ಮಾಂಡೆಲ್‌ಸ್ಟಾಮ್ ತಾನಾಗಿಯೇ ಇದೇ ದಾರಿಯಲ್ಲಿ ಯೋಚಿಸಿದ್ದ. 1930ರಲ್ಲಿ ಲೆನಿನ್‌ಗ್ರಾಡಿನ ಗ್ರಾಸ್ ಆ ಗೆರೆಗಳನ್ನ ಕಂಡ.

ಬೆಂಗಳೂರಿನಲ್ಲಿ ಈ ಕೆಲಸ ಮುಂದುವರಿಸಿದವರು ಬಿ.ವಿ. ರಾಘವೇಂದ್ರ ರಾವ್. ಅವರ ಆಯುಧ ಫ್ಯಾಬ್ರಿ-ಪೆರೊ ಉಪಕರಣ, ಅಂದರೆ ಎದುರು ಬದುರಾಗಿ ಕೂರಿಸಿದ ಎರಡು ಅರೆಪಾರದರ್ಶಕ ಕನ್ನಡಿ. ಓಡೋ ಕನ್ನಡಿಯನ್ನ ಹಿಡಿಯೋಕೆ ನಿಂತ ಕನ್ನಡಿ! ರಾಮನ್ ಮತ್ತು ರಾಘವೇಂದ್ರ ರಾವ್ 1937ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ದ್ರವಗಳ ಈ ಶಬ್ದವರ್ಣಪಟಲದ ಬಗ್ಗೆ ಬರೆದರು. ಆ ವರ್ಷವೇ ರಾಮನ್ ಸಂಸ್ಥೆಯ ಒಳಜಗಳದಲ್ಲಿ ನಿರ್ದೇಶಕ ಹುದ್ದೆ ಬಿಡಬೇಕಾಯಿತು. ಆದರೆ ಪ್ರಾಧ್ಯಾಪಕರಾಗಿ 1948ರವರೆಗೂ ಅಲ್ಲೇ ಉಳಿದರು, ಸಂಶೋಧನೆ ನಿಲ್ಲಲಿಲ್ಲ.

ಗೆರೆ ಎಷ್ಟು ಜರುಗಿದೆ ಅಂತ ಗೊತ್ತಾದರೆ ಕನ್ನಡಿಯ ವೇಗ ಗೊತ್ತಾಗುತ್ತೆ, ಅಂದರೆ ದ್ರವದೊಳಗಿನ ಶಬ್ದದ ವೇಗ. ಹಸಿರು ಬೆಳಕು ನೀರಿಂದ ನೇರ ಹಿಂದಕ್ಕೆ ಪುಟಿದರೆ ಗೆರೆ ಜರುಗೋದು ಸೆಕೆಂಡಿಗೆ ಸುಮಾರು 740 ಕೋಟಿ ಕಂಪನದಷ್ಟು. ನೀರನ್ನ ಮುಟ್ಟದೆ, ಅಲುಗಿಸದೆ, ಬರೀ ಬೆಳಕು ಬಿಟ್ಟು ಅದರೊಳಗಿನ ಓಟವನ್ನ ಅಳೆಯೋದು.

ಈ ವಿದ್ಯೆ ನಿಮಗೆ ಹೈವೇಯಲ್ಲಿ ಪರಿಚಯ ಇರಬೇಕು. ರಸ್ತೆ ಪಕ್ಕ ಮರದ ನೆರಳಲ್ಲಿ ಪೊಲೀಸರು ಹಿಡಿದು ನಿಲ್ಲೋ ಸ್ಪೀಡ್ ಗನ್. ಅದರಲ್ಲಿ ಎರಡು ಜಾತಿ. ಲೇಸರಿನದು ದೂರವನ್ನ ಮತ್ತೆ ಮತ್ತೆ ಅಳೆದು ವೇಗ ಹೇಳುತ್ತೆ. ರೇಡಾರಿನದು ನಿಮ್ಮ ಕಾರನ್ನೇ ಓಡೋ ಕನ್ನಡಿ ಮಾಡಿಕೊಳ್ಳುತ್ತೆ. ಅದು ಬಿಡೋ ಅಲೆಯ ಕಂಪನಾಂಕ ಸೆಕೆಂಡಿಗೆ 2,400 ಕೋಟಿ ಅಂತಿಟ್ಟುಕೊಂಡರೆ, ಗಂಟೆಗೆ 90 ಕಿಲೋಮೀಟರಲ್ಲಿ ಎದುರು ಬರೋ ಕಾರಿನಿಂದ ಪುಟಿದ ಅಲೆಯಲ್ಲಿ ಬರೀ 4,000 ಕಂಪನ ಜಾಸ್ತಿ ಇರುತ್ತೆ. ಐನ್‌ಸ್ಟೈನನ ಅದೇ ಡಬಲ್ ಏರಿಕೆ. ಚಲನ್ ಬರೋಕೆ ಅಷ್ಟು ಸಾಕು. ಕಪ್ಪತಗುಡ್ಡದ ಮೇಲಿನಂಥ ಫ್ಯಾನುಗಳೂ ರೇಡಾರಿನ ಕಣ್ಣಿಗೆ ಹೀಗೇ. ಒಂದು ರೆಕ್ಕೆ ಹತ್ತಿರ ಬರೋ ಕನ್ನಡಿ, ಇನ್ನೊಂದು ದೂರ ಹೋಗೋ ಕನ್ನಡಿ. ಹವಾಮಾನದ ಡಾಪ್ಲರ್ ರೇಡಾರುಗಳಿಗೆ ಗಾಳಿಯಂತ್ರಗಳು ತಲೆನೋವಾಗೋದು ಇದರಿಂದಲೇ. ಇನ್ನು ನಿಮ್ಮ ಇಂಟರ್ನೆಟ್ ಬರೋ ಗಾಜಿನ ಎಳೆಯಂಥದ್ದೇ ಎಳೆಯನ್ನ ಸೇತುವೆ, ಪೈಪ್‌ಲೈನುಗಳ ಉದ್ದಕ್ಕೂ ಹಾಸಿ ಎಲ್ಲಿ ಬಿಗಿತ, ಎಲ್ಲಿ ಬಿಸಿ ಅಂತ ಪತ್ತೆ ಹಚ್ಚೋ ಒಂದು ತಂತ್ರ ಕೆಲಸ ಮಾಡೋದೂ ಈ ಬ್ರಿಲ್ವಾ ಗೆರೆಗಳ ಜರುಗಾಟ ನೋಡಿಯೇ.

ಬಣ್ಣದ ಕಥೆ ಆಯಿತು. ಕೋನದ್ದು ಬಾಕಿ ಇದೆ. ಅದನ್ನ ನೋಡೋಕೆ ತಲೆ ಎತ್ತಬೇಕು.

1976ರಲ್ಲಿ ನಾಸಾ ‘ಲೇಜಿಯೋಸ್’ ಅನ್ನೋ ಉಪಗ್ರಹ ಹಾರಿಸಿತು. 60 ಸೆಂಟಿಮೀಟರ್ ಅಗಲದ ಗುಂಡು, ಅದರ ಮೈತುಂಬಾ 426 ಮೂಲೆಗನ್ನಡಿ. ಮೂರು ಕನ್ನಡಿಗಳನ್ನ ಕೋಣೆಯ ಮೂಲೆಯ ಹಾಗೆ ಕೂಡಿಸಿದರೆ, ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಹೋಗುತ್ತೆ. ನಿಂತ ಮೂಲೆಗನ್ನಡಿ ಮಾತ್ರ. ಲೇಜಿಯೋಸ್ ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 5.7 ಕಿಲೋಮೀಟರ್ ವೇಗದಲ್ಲಿ ಓಡುತ್ತೆ. ಆದ್ದರಿಂದ ವಾಪಸ್ ಬರೋ ಬೆಳಕು ಅದು ಓಡೋ ದಿಕ್ಕಿಗೆ ಕೂದಲೆಳೆಯಷ್ಟು ವಾಲುತ್ತೆ. ಅಷ್ಟು ದೂರ ಇಳಿದು ಬರೋ ಹೊತ್ತಿಗೆ ಆ ಕೂದಲೆಳೆ ಇನ್ನೂರು ಮೀಟರಿಗೂ ಜಾಸ್ತಿ ಆಗಿರುತ್ತೆ. ಲೇಸರ್ ಬಿಟ್ಟ ದೂರದರ್ಶಕ ಒಂದು ಕಡೆ, ಬೆಳಕು ಬೀಳೋದು ಇನ್ನೊಂದು ಕಡೆ! ಅದಕ್ಕೇ ಅದರ ಕನ್ನಡಿಗಳ ಮೂಲೆಯನ್ನ ಬೇಕಂತಲೇ ಒಂಚೂರು ಸೊಟ್ಟ ಮಾಡಿ ಕಳಿಸಿದ್ದಾರೆ, ವಾಪಸ್ ಬರೋ ಬೆಳಕು ಸ್ವಲ್ಪ ಹರಡಿ ದೂರದರ್ಶಕಕ್ಕೂ ಸಿಗಲಿ ಅಂತ.

ನಮ್ಮದೇ ಉದಾಹರಣೆ ಬೇಕಂದರೆ ವಿಕ್ರಮ್ ಇದೆ. 2023ರ ಆಗಸ್ಟ್ 23ರ ಸಂಜೆ ಪೀಣ್ಯದ ಇಸ್ಟ್ರಾಕ್ ಕೇಂದ್ರದ ಪರದೆಯನ್ನ ನಾವೆಲ್ಲಾ ಮೊಬೈಲಲ್ಲಿ ಉಸಿರು ಬಿಗಿಹಿಡಿದು ನೋಡಿದ್ವಲ್ಲ, ಆ ಲ್ಯಾಂಡರ್. ಅದರ ತಲೆ ಮೇಲೆ ನಾಸಾ ಕೊಟ್ಟ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಗುಮ್ಮಟ ಇದೆ, ಅದರಲ್ಲಿ ಎಂಟು ಮೂಲೆಗನ್ನಡಿ. 2023ರ ಡಿಸೆಂಬರ್ 12ರಂದು ಚಂದ್ರನ ಸುತ್ತ ತಿರುಗುತ್ತಿದ್ದ ನಾಸಾದ ನೌಕೆ 100 ಕಿಲೋಮೀಟರ್ ದೂರದಿಂದ ಅದಕ್ಕೆ ಲೇಸರ್ ಬಿಟ್ಟಿತು, ಬೆಳಕು ವಾಪಸ್ ಸಿಕ್ಕಿತು. ಇಲ್ಲಿ ಓಡ್ತಿದ್ದವರು ಯಾರು? ವಿಕ್ರಮ್ ನೆಲದ ಮೇಲೆ ನಿದ್ದೆ ಮಾಡ್ತಿತ್ತು. ಆದರೆ ನೌಕೆಯಲ್ಲಿ ಕೂತು ನೋಡಿದರೆ ವಿಕ್ರಮ್‌ನ ಕನ್ನಡಿಯೇ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಓಡ್ತಿದೆ. ಲೆಕ್ಕ ಹಾಕಿದರೆ ಬೆಳಕು ಸುಮಾರು ಒಂದು ಮೀಟರ್ ಪಕ್ಕಕ್ಕೆ ವಾಲಬೇಕು. ಅಷ್ಟು ಚಿಕ್ಕ ಕನ್ನಡಿಯಿಂದ ಹೊರಟ ಬೆಳಕು ತಾನಾಗಿಯೇ ಅದಕ್ಕಿಂತ ಜಾಸ್ತಿ ಹರಡೋದರಿಂದ ಯಾವ ತೊಂದರೆಯೂ ಇಲ್ಲ. ಯಾರು ನಿಂತಿದ್ದಾರೆ, ಯಾರು ಓಡ್ತಿದ್ದಾರೆ ಅನ್ನೋ ಜಗಳ ಇಲ್ಲಿ ಬೇಕಾಗಿಲ್ಲ. ನೆಲದಲ್ಲಿ ಕೂತು ಲೆಕ್ಕ ಮಾಡಿ, ನೌಕೆಯಲ್ಲಿ ಕೂತು ಮಾಡಿ, ಬೆಳಕು ನೌಕೆಗೆ ಸಿಗುತ್ತಾ ಇಲ್ಲವಾ ಅನ್ನೋದರ ಉತ್ತರ ಒಂದೇ.

ಇದನ್ನೆಲ್ಲಾ ಓದಿ, ಹಾಳೆ ಮೇಲೆ ಲೆಕ್ಕ ಗೀಚಿ ಮುಗಿಸೋ ಹೊತ್ತಿಗೆ ಮೂರು ಭಾನುವಾರ ಹೋಗಿತ್ತು. ಇಂಜಿನಿಯರಿಂಗ್ ಓದುವಾಗ ಡಾಪ್ಲರ್ ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಆದರೂ ಹುಡುಗ ಕೇಳಿದ ತಕ್ಷಣ ಬಾಯಿಗೆ ಬಂದಿದ್ದು ‘ಏನೂ ಆಗಂಗಿಲ್ಲ’. ಸಾಪೇಕ್ಷತೆ ಅಂದರೆ ಬೆಳಕಿನ ವೇಗ ಬದಲಾಗಲ್ಲ ಅನ್ನೋ ಒಂದು ಸಾಲನ್ನ ನೆನಪಿಟ್ಟುಕೊಂಡು, ಆ ವೇಗ ಬದಲಾಗದೇ ಇರೋಕೆ ಏನೇನು ಬದಲಾಗಬೇಕು ಅನ್ನೋದನ್ನ ಮರೆತುಬಿಟ್ಟಿದ್ದೆ. ಹುಡುಗನ ಅನುಮಾನವೇ ನನ್ನ ಉತ್ತರಕ್ಕಿಂತ ಸತ್ಯಕ್ಕೆ ಹತ್ತಿರ ಇತ್ತು. ಅವನು ಓಡಿದ್ದಾನೆ, ದಣಿದಿದ್ದಾನೆ. ಆ ದಣಿವು ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಬರಲೇಬೇಕು ಅಂತ ಅವನಿಗೆ ಅನಿಸಿತ್ತು.

ರಾತ್ರಿ ಫೋನ್ ಮಾಡಿದೆ. ಸ್ಪೀಡು ಬದಲಾಗಂಗಿಲ್ಲ ಅಂದದ್ದು ಖರೇ, ಆದ್ರ ಏನೂ ಆಗಂಗಿಲ್ಲ ಅಂದದ್ದು ನನ್ನ ತಪ್ಪು ಅಂದೆ. ನೀ ಓಡಿದ್ದಕ್ಕ ಬೆಳಕಿನ ಬಣ್ಣ ಒಂದೀಟು ಬದಲಾತು, ಕಣ್ಣಿಗೆ ಕಾಣಂಗಿಲ್ಲ, ಆದ್ರ ಲೆಕ್ಕಕ್ಕ ಸಿಗತೈತಿ, ಕೋಟಿಗಟ್ಟಲೆ ಐತಿ ಅಂತ ಹೇಳಿದೆ. ಬೆಂಗಳೂರಾಗ ದೊಡ್ಡವರೊಬ್ಬರು ನೀರಿನಾಗ ಓಡೋ ಕನ್ನಡಿ ಹಿಡಿದಿದ್ರು ಅಂತಲೂ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನ ಮಾತು:

“ಹಂಗಾರ ನಾ ಓಡಿದ್ದು ದಂಡ ಆಗಲಿಲ್ಲ ಬಿಡು.”